ಬಣ್ಣದ ಡಬ್ಬಿ ಹಿಡಿದು ಹೊರದೇಶಕ್ಕೆ: ನೊಂದ ಮಕ್ಕಳ ಜೊತೆ ಚಿತ್ರದ ಕೆಲಸ ಮಾಡಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಕೊಪ್ಪಳ ಬಸ್ ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ ತಿನ್ನುತ್ತ ಕೂತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. "ಅಕ್ಕೋರೆ, ನೀವು ನೇಪಾಳದಾಗ ಮಕ್ಕಳ ಜೋಡಿ ಚಿತ್ರ ಬಿಡಿಸಿ ಬಂದೀರಂತಲ್ರಿ. ನಾನೂ ಎಲ್ಲ್ಯಾರ ಹೋಗಬೇಕಂತ ಮಾಡೀನ್ರಿ. ಏನೇನು ಬೇಕಾಕೈತ್ರಿ?" ಅಂದ.

"ಪಾಸ್‌ಪೋರ್ಟ್ ಆಮ್ಯಾಲೆ. ನೀ ಹೊಳ್ಳಿ ಬಂದ ಮ್ಯಾಲೆ ಆ ಮಕ್ಕಳ ಹತ್ರ ಯಾರಿರ್ತಾರ, ಅದನ್ನ ಮೊದಲ ಹೇಳು" ಅಂದೆ. ಮೊದಲು ನಕ್ಕ. ಮಿರ್ಚಿ ಮುಗಿಯುವಷ್ಟರಲ್ಲಿ ನಗು ನಿಂತಿತ್ತು. ಅವನಿಗೆ ಆವತ್ತು ಅರ್ಧಕ್ಕೆ ಬಿಟ್ಟ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಚಿತ್ರಕಲಾ ಶಿಕ್ಷಕಿ. ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಯ ಗುಡ್ಡದೂರೊಂದರಲ್ಲಿ ಹತ್ತು ವಾರ ಇದ್ದು ಬಂದವಳು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅತಿ ಹೆಚ್ಚು ಸಾವು ಕಂಡ ಜಿಲ್ಲೆ ಅದು. ಅಲ್ಲಿ ಮಾಡಿದ ತಪ್ಪುಗಳಿಂದಲೇ ನಾನು ಹೆಚ್ಚು ಕಲಿತದ್ದು. ಅವೂ ಇಲ್ಲಿವೆ.

ನೀವು ಥೆರಪಿಸ್ಟ್ ಅಲ್ಲ, ಮೊದಲು ಅದನ್ನು ಒಪ್ಪಿಕೊಳ್ಳಿ

'ಆರ್ಟ್ ಥೆರಪಿ' ಎಂಬ ಹೆಸರನ್ನು ಬಳಕೆಗೆ ತಂದವನು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್, 1942ರಲ್ಲಿ. ಕ್ಷಯರೋಗವಾಗಿ ಸ್ಯಾನಿಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬರೆಯುತ್ತ ತಾನೇ ಚೇತರಿಸಿಕೊಂಡು, ಬಳಿಕ ಜೊತೆಯ ರೋಗಿಗಳ ಕೈಗೂ ಪೆನ್ಸಿಲ್ ಕೊಟ್ಟ. ಇವತ್ತು ಅದೇ ಬ್ರಿಟನ್ನಿನಲ್ಲಿ ಆರ್ಟ್ ಥೆರಪಿಸ್ಟ್ ಎಂಬುದು ಕಾನೂನಿನ ರಕ್ಷಣೆಯಿರುವ ಹುದ್ದೆಯ ಹೆಸರು. ಸ್ನಾತಕೋತ್ತರ ತರಬೇತಿ ಮುಗಿಸಿ ನೋಂದಾಯಿಸಿಕೊಳ್ಳದೆ ಯಾರೂ ಹಾಗೆಂದು ಬೋರ್ಡು ಹಾಕುವಂತಿಲ್ಲ. ಚಿತ್ರಕಲೆಯಲ್ಲಿ ಡಿ.ಎಂ.ಸಿ. ಕೋರ್ಸ್ ಮಾಡಿದವರಾಗಲಿ, ಬಿ.ವಿ.ಎ. ಪದವಿ ಮಾಡಿದವರಾಗಲಿ, ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟ್ ತಗೊಂಡವರಾಗಲಿ ಥೆರಪಿಸ್ಟ್ ಆಗುವುದಿಲ್ಲ.

ಹಾಗಾದರೆ ನಮಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ಪರಿಹಾರ ಸಂಸ್ಥೆಗಳೂ ಸೇರಿ 2007ರಲ್ಲಿ ತುರ್ತು ಸಂದರ್ಭಗಳ ಮಾನಸಿಕ ಆರೋಗ್ಯದ ಬಗ್ಗೆ ಒಂದು ಕೈಪಿಡಿ ತಂದವು. ಅದರಲ್ಲಿ ನಾಲ್ಕು ಹಂತದ ಒಂದು ಗೋಪುರವಿದೆ. ತಳದಲ್ಲಿ ಊಟ, ನೆಲೆ, ಸುರಕ್ಷೆ. ಅದರ ಮೇಲೆ ಮನೆ, ಶಾಲೆ, ಊರಿನ ಆಸರೆ. ಮೂರನೆಯದು ತರಬೇತಿ ಪಡೆದ ಕಾರ್ಯಕರ್ತರ ಬೆಂಬಲ. ತುದಿಯಲ್ಲಿ ಮನೋವೈದ್ಯರು, ತಜ್ಞರು. ನಮ್ಮ ಜಾಗ ಎರಡನೆಯದು, ತಲೆಯ ಮೇಲೆ ತಜ್ಞರ ನಿಗಾ ಇದ್ದರೆ ಮೂರನೆಯದರ ಅಂಚು. ಅರ್ಜಿಯಲ್ಲಿ 'ಮಕ್ಕಳ ಜೊತೆ ಚಿತ್ರದ ಚಟುವಟಿಕೆ, ಸ್ಥಳೀಯ ಶಿಕ್ಷಕರಿಗೆ ನೆರವು' ಎಂದಷ್ಟೇ ಬರೆಯಿರಿ. ಒಳ್ಳೆಯ ಸಂಸ್ಥೆಗಳು ಆ ಸಾಲನ್ನು ಕಂಡೇ ನಿಮ್ಮನ್ನು ಗಂಭೀರವಾಗಿ ತಗೊಳ್ಳುತ್ತವೆ.

ಸಣ್ಣ ಕೆಲಸ ಅನ್ನಿಸಿದರೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಹೆಣ್ಣುಮಗಳನ್ನು ನೆನೆಯಿರಿ. ನಾಜಿಗಳು 1942ರ ಕೊನೆಗೆ ಆಕೆಯನ್ನು ತೆರೆಜಿನ್ ಎಂಬ ಯಹೂದಿ ಸೆರೆಶಿಬಿರಕ್ಕೆ ಸಾಗಿಸಿದರು. ಅಲ್ಲಿ ಆಕೆ ಸಿಕ್ಕ ಸಿಕ್ಕ ರದ್ದಿ ಹಾಳೆಯ ಮೇಲೆ ಮಕ್ಕಳಿಂದ ಚಿತ್ರ ಬಿಡಿಸಿದಳು. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಬೇಕೆಂಬುದು ಆಕೆಯ ಹಟ. ಕೈದಿಯ ನಂಬರಿನಿಂದ ಗುರುತಿಸುವ ಜಾಗದಲ್ಲಿ ಹೆಸರು! 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಶಿಬಿರದಲ್ಲಿ ಎರಡು ಸೂಟ್‌ಕೇಸುಗಳಲ್ಲಿ ಸುಮಾರು 4,500 ಚಿತ್ರಗಳು ಉಳಿದಿದ್ದವು. ಆಕೆಯ ಶಿಷ್ಯೆ ಈಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಮಕ್ಕಳ ಆರ್ಟ್ ಥೆರಪಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬಳಾದಳು. ಫ್ರೀಡ್ಲ್ ಮಾತ್ರ ಕೊನೆಯವರೆಗೂ ಬರೀ ಡ್ರಾಯಿಂಗ್ ಟೀಚರ್.

ಆರು ತಿಂಗಳು ಊರಲ್ಲೇ ಪಳಗಿ

ಹೊರದೇಶದ ಮಗುವಿನ ಮೇಲೆ ಮೊದಲ ಪ್ರಯೋಗ ಮಾಡಬೇಡಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಗುಳೆ ಹೋದವರ ಮಕ್ಕಳಿದ್ದಾರೆ. ಅಪ್ಪ-ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ, ಅಜ್ಜಿಯ ಹತ್ತಿರ ಉಳಿದವರು. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರನ್ನು ಕಂಡು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು, ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೇಳಿಕೊಳ್ಳಿ. ವಾರ ತಪ್ಪದೆ ಆರು ತಿಂಗಳು. ನಾಲ್ಕನೇ ವಾರಕ್ಕೇ ಬೇಜಾರಾದರೆ ನೇಪಾಳಕ್ಕೋ ಕಾಂಬೋಡಿಯಾಕ್ಕೋ ಹೋಗುವ ಯೋಚನೆ ಅಲ್ಲಿಗೇ ಬಿಡಿ. ಟಿಕೆಟ್ ದುಡ್ಡು ಉಳಿಯಿತು.

ಭಾಷೆ ಬಾರದ ಕಡೆ ಕೆಲಸ ಮಾಡುವುದು ಬೇರೆಯದೇ ಪಾಠ. ಅದನ್ನೂ ಇಲ್ಲೇ ಕಲಿಯಬಹುದು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಶಿಬಿರಗಳಲ್ಲಿ, ಮನೆಯೊಳಗೆ ಬಂಗಾಳಿ ಆಡುವ ಕುಟುಂಬಗಳಿವೆ. ಸಂಡೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ. ಮಾತಿನ ನೆರವಿಲ್ಲದೆ, ಕೈಯಲ್ಲಿ ತೋರಿಸುತ್ತ ಒಂದು ತಾಸು ನಡೆಸಿ ನೋಡಿ. ನಾವು ಎಷ್ಟೊಂದು ಅನವಶ್ಯಕ ಮಾತಾಡುತ್ತೇವೆ ಎಂಬುದು ಆಗ ಗೊತ್ತಾಗುತ್ತದೆ.

ಓದಿನ ಭಾಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗಾಗಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಲ್ಲಿ ಅಲ್ಲಿ 'ಸಂವಾದ್' ಎಂಬ ಯೋಜನೆ ಶುರುವಾಗಿದೆ. ಅದರ ತರಬೇತಿ ಸಾಮಗ್ರಿಯನ್ನು ತಪ್ಪದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2011ರ 'ಮಾನಸಿಕ ಪ್ರಥಮ ಚಿಕಿತ್ಸೆ' ಕೈಪಿಡಿಯನ್ನೂ ಓದಿ. ಅದರ ಸಾರ ಮೂರೇ ಮಾತು: ನೋಡು, ಕೇಳು, ನೆರವಿಗೆ ಜೋಡಿಸು. ನೊಂದವರನ್ನು ಕೂರಿಸಿ 'ಏನಾಯ್ತು ಹೇಳು' ಎಂದು ಕೆದಕುವುದು ಅದರಲ್ಲಿಲ್ಲ. ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಎಂಬುದನ್ನೂ ಒಮ್ಮೆ ತಿಳಿದುಕೊಳ್ಳಿ.

ಸಂಸ್ಥೆಯನ್ನು ಆರಿಸುವುದು: ಇಲ್ಲಿ ಅವಸರ ಮಾಡಿದವರು ಕೆಟ್ಟರು

ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು ನಗುವ ಮಕ್ಕಳ ಫೋಟೊ, ಕೆಳಗೆ 'ಎರಡು ವಾರಕ್ಕೆ ಇಷ್ಟು ಡಾಲರ್' ಎಂಬ ದರಪಟ್ಟಿ. ಅನಾಥಾಶ್ರಮಕ್ಕೆ ಎರಡು ವಾರದ ಅತಿಥಿಗಳನ್ನು ಕಳಿಸುವ ಈ ವ್ಯಾಪಾರದಿಂದ ಮಕ್ಕಳಿಗೆ ಆಗುವ ಕೇಡು ಸಣ್ಣದಲ್ಲ. ನೇಪಾಳದಲ್ಲಿ ಮಕ್ಕಳ ವಸತಿಗೃಹಗಳು ದಟ್ಟವಾಗಿರುವುದು ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್‌ನಂಥ ಪ್ರವಾಸಿಗರು ಬರುವ ಕಡೆ. ಬಡ ಗುಡ್ಡದೂರುಗಳ ಮಕ್ಕಳನ್ನು ಓದಿಸುತ್ತೇವೆಂದು ಕರೆತಂದು 'ಅನಾಥ' ಎಂದು ತೋರಿಸಿದ ಪ್ರಕರಣಗಳು ಹೊರಬಂದಿವೆ. ಕಾಂಬೋಡಿಯಾದ ಆಶ್ರಮಗಳ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. 'ಮಕ್ಕಳು ಪ್ರವಾಸಿ ತಾಣವಲ್ಲ' ಎಂಬ ಪ್ರಚಾರ 2011ರಲ್ಲಿ ಅಲ್ಲಿಂದಲೇ ಶುರುವಾದದ್ದು. ಆಸ್ಟ್ರೇಲಿಯಾ ಈ ದಂಧೆಯನ್ನು ಆಧುನಿಕ ಗುಲಾಮಗಿರಿಯ ಚರ್ಚೆಯೊಳಗೇ ತಂದಿತು.

ಹಾಗಾಗಿ ನನ್ನ ಮೊದಲ ಜರಡಿ: ವಸತಿ ಆಶ್ರಮ ಬೇಡ. ಮಕ್ಕಳು ಸಂಜೆ ತಮ್ಮ ಮನೆಗೆ ಹೋಗುವ ಶಾಲೆ, ಸಮುದಾಯ ಕೇಂದ್ರ, ನಿರಾಶ್ರಿತರ ಶಿಬಿರದ ಕಲಿಕಾ ಕೇಂದ್ರ, ಆಸ್ಪತ್ರೆಯ ಮಕ್ಕಳ ವಾರ್ಡು ಇಂಥವನ್ನು ನೋಡಿ. ಎರಡನೆಯ ಜರಡಿ ಅವಧಿ. ಎರಡು ತಿಂಗಳಿಗಿಂತ ಕಡಿಮೆ ಸಮಯವಿದ್ದರೆ ಮಕ್ಕಳ ಹತ್ತಿರ ಹೋಗಲೇಬೇಡಿ. ಆ ಸಮಯವನ್ನು ಅಲ್ಲಿನ ಶಿಕ್ಷಕರ ಕಮ್ಮಟಕ್ಕೆ ಕೊಡಿ. ಇದು ಕಠಿಣವಾಯಿತು ಎನ್ನುವವರಿದ್ದಾರೆ. ಹತ್ತು ವಾರ ಇದ್ದ ನಾನೇ ಹೊರಟಾಗ ಒಂದು ಮಗು ಮೂರು ದಿನ ಶಾಲೆಗೆ ಬರಲಿಲ್ಲ.

ಸಂಸ್ಥೆಗೆ ಬರೆಯುವ ಮೊದಲ ಪತ್ರದಲ್ಲೇ ಇವನ್ನು ಕೇಳಿ:

- ಮಕ್ಕಳ ಸುರಕ್ಷತಾ ನೀತಿಯ ಪ್ರತಿ ಕಳಿಸುವಿರಾ? ದೂರು ಬಂದರೆ ನೋಡಿಕೊಳ್ಳುವವರು ಯಾರು?
- ನನ್ನ ಪೊಲೀಸ್ ಪ್ರಮಾಣಪತ್ರ, ಇಬ್ಬರ ಶಿಫಾರಸು ನಿಮಗೆ ಬೇಕೆ? (ಬೇಡ ಎಂದರೆ ಅಲ್ಲಿಗೇ ಮಾತು ಮುಗಿಸಿ.)
- ಪ್ರತಿ ತಾಸಿನಲ್ಲೂ ನನ್ನ ಜೊತೆ ಸ್ಥಳೀಯ ಶಿಕ್ಷಕರು ಇರುತ್ತಾರೆಯೆ?
- ಮಗುವಿಗೆ ತಜ್ಞರ ನೆರವು ಬೇಕಾದರೆ ಎಲ್ಲಿಗೆ ಕಳಿಸುತ್ತೀರಿ?
- ನಾನು ಬರುವ ಮೊದಲು ಈ ಕೆಲಸ ಯಾರು ಮಾಡುತ್ತಿದ್ದರು, ಹೋದ ಮೇಲೆ ಯಾರು ಮಾಡುತ್ತಾರೆ?

ನೇಪಾಳದ ಸಂಸ್ಥೆಯಾದರೆ ಅಲ್ಲಿನ ಸಮಾಜ ಕಲ್ಯಾಣ ಪರಿಷತ್ತಿನ ಮಾನ್ಯತೆ ಕೇಳಿ. ಮಕ್ಕಳ ಗೃಹಗಳ ಉಸ್ತುವಾರಿ ರಾಷ್ಟ್ರೀಯ ಬಾಲ ಅಧಿಕಾರ ಪರಿಷತ್ತಿನದು. ದೊಡ್ಡ ದಾರಿ ಬೇಕೆಂದರೆ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವಿದೆ. ಅರ್ಜಿಗೆ ದುಡ್ಡಿಲ್ಲ, ಆಯ್ಕೆಯಾದರೆ ಜೀವನ ಭತ್ಯೆ ಕೊಡುತ್ತಾರೆ, ಪೈಪೋಟಿ ಮಾತ್ರ ಜೋರು. ನಿಮ್ಮ ಊಟ-ವಸತಿಯ ಖರ್ಚು ನೀವೇ ಕೊಡುವುದು ತಪ್ಪಲ್ಲ. ಆ ದುಡ್ಡು ಎಲ್ಲಿ ಹೋಗುತ್ತದೆಂದು ಲೆಕ್ಕ ತೋರಿಸದವರ ಸಹವಾಸ ಬೇಡ.

ಕಾಗದಪತ್ರ

ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟಿಗೆ ಆನ್‌ಲೈನ್ ಅರ್ಜಿ, 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಹೊರದೇಶಕ್ಕೆ ಬೇಕಾದ ಪೊಲೀಸ್ ಪ್ರಮಾಣಪತ್ರಕ್ಕೂ ಪಾಸ್‌ಪೋರ್ಟ್ ಸೇವಾದಲ್ಲೇ ಅರ್ಜಿ. ಸರ್ಕಾರಿ ನೌಕರರಾದರೆ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಎಲ್ಲಕ್ಕಿಂತ ಮೊದಲು ಓಡಾಡಿ, ತಡವಾಗುವುದು ಅಲ್ಲೇ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ನಡೆಯುತ್ತದೆ, ದುಡಿಯುವ ವಯಸ್ಸಿನವರ ಆಧಾರ್ ನಡೆಯುವುದಿಲ್ಲ. ನನ್ನ ಜೊತೆ ಹೊರಟಿದ್ದವರೊಬ್ಬರು ಬರೀ ಆಧಾರ್ ಹಿಡಿದು ದೆಹಲಿಯಿಂದಲೇ ವಾಪಸಾದರು. ಬೇರೆ ದೇಶಗಳ ಮಾತು ಬೇರೆ. ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಕೆಲಸವನ್ನೂ ಎಷ್ಟೋ ದೇಶಗಳು ಒಪ್ಪುವುದಿಲ್ಲ. ಯಾವ ವೀಸಾ ಎಂದು ಸಂಸ್ಥೆಯಿಂದ ಬರಹದಲ್ಲೇ ಪಡೆಯಿರಿ.

ದಿನ ಗೊತ್ತುಮಾಡುವಾಗ ಅಲ್ಲಿನ ಪಂಚಾಂಗ ನೋಡಿ. ದಶೈಂ ಹಬ್ಬ ನಮ್ಮ ದಸರೆಯ ಹೊತ್ತಿಗೇ, ಹದಿನೈದು ದಿನ. ಅದರ ಬೆನ್ನಿಗೆ ತಿಹಾರ್, ಅಂದರೆ ದೀಪಾವಳಿ. ಆಗ ಶಾಲೆಗೆ ಬೀಗ. ವಿಮೆ, ಟೈಫಾಯಿಡ್-ಧನುರ್ವಾಯು ಲಸಿಕೆಗಳ ಬಗ್ಗೆ ನಿಮ್ಮ ಡಾಕ್ಟರರನ್ನು ಕೇಳಿ.

ಡಬ್ಬಿಯಲ್ಲಿ ಏನಿರಬೇಕು

ನಾನು ಹನ್ನೊಂದು ಕಿಲೋ ಬಣ್ಣ ಹೊತ್ತುಕೊಂಡು ಹೋದೆ. ದಡ್ಡತನ. ಅವು ಮುಗಿದ ದಿನ ಕೆಲಸವೂ ನಿಲ್ಲುತ್ತಿತ್ತು. ಅಲ್ಲಿನ ಸಂತೆಯಲ್ಲಿ ಸಿಗದ ಯಾವುದನ್ನೂ ಒಯ್ಯಬೇಡಿ ಎಂಬುದು ಈಗ ನನ್ನ ನಿಯಮ. ಮೇಣದ ಬಣ್ಣ, ಬಣ್ಣದ ಪೆನ್ಸಿಲ್, ಹಳೇ ಪೇಪರು, ಜೇಡಿಮಣ್ಣು ಸಾಕು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ, ಜೋಳದ ದಂಟಿನಲ್ಲಿ ಬಂಡಿ ಕಟ್ಟಿದ ಕೈ ನಮ್ಮದು. ಕೊಪ್ಪಳದಿಂದ ಕೂಗಳತೆಯಲ್ಲಿರುವ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಇವತ್ತಿಗೂ ಹಗುರ ಮರದ ಗೊಂಬೆಯ ಅಂಗಾಂಗ ಜೋಡಿಸಲು ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ. ಹೊರಡುವ ಮೊದಲು ಅಲ್ಲಿ ನಾಲ್ಕು ದಿನ ಕೂತು ಬಂದೆ. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ ಕುದಿಸುವ ಕ್ರಮ ಕಲಿತದ್ದು ಆ ಹನ್ನೊಂದು ಕಿಲೋಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಗುಡ್ಡದೂರಿನಲ್ಲಿ ಹುಣಸೆ ಇರಲಿಲ್ಲ. ಮೈದಾ ಗಂಜಿಯಲ್ಲಿ ಅದೇ ಉಪಾಯ ನಡೆಯಿತು.

ನಮ್ಮ ಕಲೆಯನ್ನು ಅಲ್ಲಿ ಹೇರಲು ಹೋಗಬೇಡಿ. ತರಾಯಿ ಬಯಲಿನಲ್ಲಿ ಮಿಥಿಲಾ ಚಿತ್ರ, ಠಿಮಿಯಲ್ಲಿ ಕುಂಬಾರಿಕೆ, ತಿಹಾರ್ ಹಬ್ಬಕ್ಕೆ ಅಂಗಳದ ರಂಗೋಲಿ ಅವರದ್ದೇ ಇವೆ. ಮೊದಲ ವಾರ ಊರಿನ ಅಜ್ಜಿಯರ ಅಂಗಳ ನೋಡುತ್ತ ಅಡ್ಡಾಡಿ.

ಒಂದು ತಾಸು ನಡೆಯುವುದು ಹೀಗೆ

ಎಂಟರಿಂದ ಹತ್ತು ಮಕ್ಕಳು, ಇಬ್ಬರು ದೊಡ್ಡವರು, ತೆರೆದ ಬಾಗಿಲು. ವಾರದ ಅದೇ ದಿನ, ಅದೇ ಹೊತ್ತು, ಅದೇ ಚಾಪೆ. ಬದುಕಿನಲ್ಲಿ ಎಲ್ಲ ಅಲುಗಾಡಿದ ಮಗುವಿಗೆ ಮುಂದಿನ ವಾರವೂ ಹೀಗೇ ಇರುತ್ತದೆ ಎಂಬ ನಂಬಿಕೆ ಬರಬೇಕು. ಅದು ಬರದೆ ಬಣ್ಣ ಏನೂ ಮಾಡುವುದಿಲ್ಲ.

ಮೊದಲ ಹತ್ತು ನಿಮಿಷ ಎಲ್ಲರೂ ಗುಂಡಗೆ ಕೂತು ಶುರುವಿನ ಆಟ. ನಾವು ಗೀಟಿನ ಆಟ ಆಡುತ್ತಿದ್ದೆವು: ಒಬ್ಬರು ಕಣ್ಣುಮುಚ್ಚಿ ಅಂಕುಡೊಂಕು ಗೀಟು ಎಳೆಯುವುದು, ಪಕ್ಕದವರು ಅದರಿಂದ ಏನಾದರೂ ಮಾಡುವುದು. ಚಿತ್ರ ಬರುವುದಿಲ್ಲ ಎನ್ನುವ ಮಗುವಿನ ಹೆದರಿಕೆ ಅದರಲ್ಲೇ ಅರ್ಧ ಇಳಿಯುತ್ತದೆ. ಆಮೇಲೆ ಅರ್ಧ ತಾಸು ಕೆಲಸ. ಹತ್ತು ನಿಮಿಷ ಗೋಡೆಗೆ ಅಂಟಿಸಿ ನೋಡುವುದು. ಹೇಳುವವರು ಹೇಳಲಿ, ಸುಮ್ಮನಿರುವವರು ಸುಮ್ಮನಿರಲಿ. ಕೊನೆಯ ಹತ್ತು ನಿಮಿಷ ಸಾಮಾನು ತೊಳೆದು ಎತ್ತಿಡುವುದು, ಒಂದು ಹಾಡು. ತೊಳೆಯುವುದನ್ನು ನೀವು ಮಾಡಬೇಡಿ. ಬ್ರಷ್ ತೊಳೆಯುವಾಗ ಪಕ್ಕಪಕ್ಕ ನಿಂತ ಮಕ್ಕಳು ಆಡುವ ಮಾತು ಚಾಪೆಯ ಮೇಲೆ ಬರುವುದಿಲ್ಲ.

ಸಾಮಗ್ರಿಯ ಕ್ರಮ ತುಂಬ ಮುಖ್ಯ. ಪೆನ್ಸಿಲ್, ಮೇಣದ ಬಣ್ಣ ಮಗುವಿನ ಹಿಡಿತದಲ್ಲಿರುತ್ತವೆ. ನೀರು ಬಣ್ಣ, ಬೆರಳು ಬಣ್ಣ, ಹಸಿ ಮಣ್ಣು ಹಿಡಿತ ತಪ್ಪಿಸುತ್ತವೆ, ಒಳಗಿನದನ್ನು ದಿಢೀರನೆ ಮೇಲೆತ್ತುತ್ತವೆ. ಕೇಗಿನ್ ಮತ್ತು ಲ್ಯೂಸ್‌ಬ್ರಿಂಕ್ ಎಂಬ ಇಬ್ಬರು ಅಮೆರಿಕದ ತಜ್ಞರು 1978ರಲ್ಲಿ ಮಂಡಿಸಿದ ಚೌಕಟ್ಟಿನಲ್ಲಿ ಸಾಮಗ್ರಿಯ ಈ ಗುಣಕ್ಕೆ ದೊಡ್ಡ ಜಾಗವಿದೆ. ಹಾಗಾಗಿ ಮೊದಲ ಮೂರು ವಾರ ಗಟ್ಟಿ ಬಣ್ಣ, ಸಣ್ಣ ಹಾಳೆ. ಹಾಳೆಯ ಅಂಚಿಗೆ ಮಗುವೇ ಚೌಕಟ್ಟು ಎಳೆದುಕೊಳ್ಳಲಿ. ಆಮೇಲೆ ಹಳೇ ಪೇಪರ್ ಹರಿದು ಅಂಟಿಸುವುದು, ಆಮೇಲೆ ಮಣ್ಣು, ಕೊನೆಗೆ ನೀರು ಬಣ್ಣ. ಮಲಗಿಸಿ ಮೈಸುತ್ತ ಗೀಟು ಎಳೆಯುವ ಚಟುವಟಿಕೆ ಪುಸ್ತಕಗಳಲ್ಲಿ ಚಂದ ಕಾಣುತ್ತದೆ. ಮೈಮೇಲೆ ದೌರ್ಜನ್ಯ ಕಂಡ ಮಗು ಆ ಗುಂಪಿನಲ್ಲಿ ಇದ್ದರೂ ಇರಬಹುದು, ಬಿಟ್ಟುಬಿಡಿ.

ವಿಷಯ ಕೊಡುವಾಗ 'ಭೂಕಂಪದ ಚಿತ್ರ ಬಿಡಿಸಿ' ಎನ್ನಬೇಡಿ. 'ನನಗೆ ಇಷ್ಟವಾದ ಜಾಗ', 'ನಮ್ಮೂರ ದಾರಿ', 'ನನ್ನ ಜೊತೆ ಇರುವ ಪ್ರಾಣಿ' ಸಾಕು. ಬರಬೇಕಾದದ್ದು ತಾನೇ ಬರುತ್ತದೆ. ನೇಪಾಳಿಯಲ್ಲಿ ನಾನು ಮಕ್ಕಳಿಗೆ ಕೊಟ್ಟ ಮೊದಲ ಅಧಿಕಾರ 'ಪುಗ್ಯೋ', ಅಂದರೆ ಸಾಕು. ಯಾರು ಯಾವಾಗ ಪುಗ್ಯೋ ಅಂದರೂ ಅವರು ನಿಲ್ಲಿಸಬಹುದು, ಕಾರಣ ಕೇಳುವುದಿಲ್ಲ. ಮೊದಲ ದಿನ ಎಲ್ಲರೂ ಆಟಕ್ಕೆಂದೇ ಅದನ್ನು ಕೂಗಿದರು. ನಿಜವಾಗಿ ನಿಲ್ಲುತ್ತೇನೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು.

ನನ್ನ ವಿಮಾನದ ತಪ್ಪು

ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಒಂಬತ್ತರ ಹುಡುಗ ವಾರವಾರವೂ ವಿಮಾನ ಬಿಡಿಸುತ್ತಿದ್ದ. ಆ ಊರಿನ ಗಂಡಸರಲ್ಲಿ ಬಹಳ ಜನ ಕೊಲ್ಲಿ ದೇಶಗಳಲ್ಲಿ ಕೂಲಿಗಿದ್ದರು. ನಮ್ಮ ಗುಳೆ ಬಸ್ಸಿನಲ್ಲಿ, ಅವರದು ವಿಮಾನದಲ್ಲಿ. ನಮ್ಮೂರ ಮಕ್ಕಳು ಬೆಂಗಳೂರಿನ ಬಸ್ಸು ಬಿಡಿಸಿ, ಕಿಟಕಿಯಲ್ಲಿ ಅವ್ವನನ್ನು ಕೂರಿಸುವುದನ್ನು ನೋಡಿ ರೂಢಿಯಾಗಿತ್ತಲ್ಲ, ಎಲ್ಲ ತಿಳಿದವಳ ಹಾಗೆ "ಅಪ್ಪ ಬರೋ ವಿಮಾನನಾ?" ಎಂದು ಹಿಂದಿಯಲ್ಲಿ ಕೇಳಿಬಿಟ್ಟೆ. ಹುಡುಗ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಎರಡು ವಾರ ಏನೂ ಬಿಡಿಸಲಿಲ್ಲ. ಆ ಮನೆಗೆ ವಿಮಾನದಲ್ಲಿ ಬಂದದ್ದು ಶವಪೆಟ್ಟಿಗೆ ಎಂದು ಸ್ಥಳೀಯ ಟೀಚರ್ ಆಮೇಲೆ ಹೇಳಿದರು.

ಅಂದಿನಿಂದ ಚಿತ್ರ ನೋಡಿ ಅರ್ಥ ಹೇಳುವ ಚಟ ಬಿಟ್ಟೆ. ಕಪ್ಪು ಬಣ್ಣ ಅಂದರೆ ದುಃಖ, ಕೆಂಪು ಅಂದರೆ ಸಿಟ್ಟು ಎಂಬ ಪಟ್ಟಿಗಳು ಮೊಬೈಲ್‌ನಲ್ಲಿ ಹರಿದಾಡುತ್ತವೆ. ನಂಬಬೇಡಿ. ಡಬ್ಬಿಯಲ್ಲಿ ಮುರಿಯದೆ ಉಳಿದದ್ದು ಕಪ್ಪೊಂದೇ ಆಗಿರಬಹುದು. ಕಾಣುವುದನ್ನಷ್ಟೇ ಹೇಳಿ: "ಇಲ್ಲಿ ಉದ್ದ ಗೀಟು ಇದೆ", "ಈ ಮೂಲೆ ತುಂಬ ಹೊತ್ತು ತಗೊಂಡೆಯಲ್ಲ". "ಚಂದ ಇದೆ" ಎಂಬುದನ್ನೂ ಕಡಿಮೆ ಮಾಡಿ, ಇಲ್ಲದಿದ್ದರೆ ಮುಂದಿನ ವಾರ ಎಲ್ಲರೂ ನಿಮಗೆ ಚಂದ ಕಾಣುವ ಬೆಟ್ಟ-ಸೂರ್ಯವನ್ನೇ ಬಿಡಿಸುತ್ತಾರೆ.

ಮಗು ಏನಾದರೂ ಹೇಳಿದರೆ

ಹೊಡೆತ, ಮುಟ್ಟಬಾರದ ಕಡೆ ಮುಟ್ಟಿದ್ದು, ಸಾಯಬೇಕು ಅನ್ನಿಸುವುದು, ಇಂಥ ಮಾತು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. ಯಾರು, ಎಷ್ಟು ಸಲ, ಆಮೇಲೇನಾಯ್ತು ಎಂದು ವಿಚಾರಣೆ ಮಾಡಬೇಡಿ. "ಯಾರಿಗೂ ಹೇಳಲ್ಲ" ಎಂದು ಭಾಷೆ ಕೊಡಬೇಡಿ, ಆ ಭಾಷೆ ನೀವು ಮುರಿಯಲೇಬೇಕಾಗುತ್ತದೆ. "ಹೇಳಿದ್ದು ಒಳ್ಳೆಯದಾಯ್ತು. ನಿನಗೆ ಸಹಾಯ ಮಾಡುವವರಿಗೆ ನಾನು ತಿಳಿಸುತ್ತೇನೆ" ಎನ್ನಿ. ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ ಬರೆದಿಟ್ಟು, ಸಂಸ್ಥೆಯ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅದೇ ದಿನ ತಲುಪಿಸಿ. ಅವರು ಮುಚ್ಚಿಹಾಕುವ ಲಕ್ಷಣ ಕಂಡರೆ ಸಹಾಯವಾಣಿ. ನಮ್ಮ ಮಕ್ಕಳ ಸಹಾಯವಾಣಿ 1098, ನೇಪಾಳದ್ದೂ 1098ವೇ. ಬೇರೆ ದೇಶವಾದರೆ ಹೋದ ಮೊದಲ ದಿನವೇ ನಂಬರ್ ಬರೆದಿಟ್ಟುಕೊಳ್ಳಿ.

ರಾತ್ರಿ ನಿಮಗೂ ನಿದ್ದೆ ಬರುವುದಿಲ್ಲ. ಮನೆಯವರಿಗೆ ಫೋನ್ ಮಾಡಿ ಮಗುವಿನ ಕತೆ ಹೇಳಬೇಡಿ, ನಿಮ್ಮ ಸಂಕಟ ಮಾತ್ರ ಹೇಳಿ. ವಾರಕ್ಕೊಮ್ಮೆ ಮಾತಾಡಲು ಒಬ್ಬ ಅನುಭವಿ ಆಪ್ತಸಮಾಲೋಚಕರನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಿ.

ಫೋಟೊ, ಸ್ಟೇಟಸ್

ಬೇಡ. ಮಗುವಿನ ಮುಖವೂ ಬೇಡ, ಹೆಸರಿರುವ ಚಿತ್ರವೂ ಬೇಡ. ಚಿತ್ರ ಮಗುವಿನ ಸ್ವತ್ತು, ಒಪ್ಪಿಗೆಯಿಲ್ಲದೆ ಗೋಡೆಗೂ ಹಚ್ಚುವಂತಿಲ್ಲ. ನೆನಪಿಗೆಂದು ಒಂದೆರಡು ಊರಿಗೆ ತರುತ್ತೇನೆ ಎನ್ನುವವರಿಗೆ, ನಾನು ಏನನ್ನೂ ತರಲಿಲ್ಲ. ಸನ್ಮಾನ ಸಮಾರಂಭದಲ್ಲಿ ತೋರಿಸಲು ಏನೂ ಇರಲಿಲ್ಲವೆಂದು ಬಂಧುಗಳಿಗೆ ಬೇಸರವಾಯಿತು.

ಹೊರಡುವುದು ಮೊದಲ ದಿನವೇ ಶುರು

ಗೋಡೆಯ ಮೇಲೆ ಹತ್ತು ಖಾನೆಯ ಪಟ್ಟಿ ಅಂಟಿಸಿ, ವಾರಕ್ಕೊಂದು ಖಾನೆಗೆ ಮಕ್ಕಳೇ ಬಣ್ಣ ತುಂಬಲಿ. ಹತ್ತನೆಯದು ತುಂಬಿದ ಮೇಲೆ ದಿದಿ (ಅಕ್ಕ) ಹೋಗುತ್ತಾಳೆಂದು ಮೊದಲ ದಿನದಿಂದ ಗೊತ್ತಿರಬೇಕು. ಐದನೇ ವಾರದವರೆಗೆ ನೀವು ನಡೆಸಿ, ಸ್ಥಳೀಯ ಟೀಚರ್ ಪಕ್ಕದಲ್ಲಿರಲಿ. ಆರರಿಂದ ಅವರು ನಡೆಸಲಿ, ನೀವು ಬ್ರಷ್ ತೊಳೆಯುವವರ ಸಾಲಿನಲ್ಲಿ ನಿಲ್ಲಿ. ಒಂಬತ್ತನೇ ವಾರ ಕೋಣೆಯೊಳಗೆ ಹೋಗಲೇಬೇಡಿ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ವಾರ. ಹೊರಗೆ ಮೆಟ್ಟಿಲ ಮೇಲೆ ಕೂತು ಒಳಗಿನ ನಗು ಕೇಳುತ್ತಿದ್ದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕೊನೆಯ ವಾರ ಪ್ರತಿ ಮಗುವೂ ತನ್ನ ಚಿತ್ರಗಳನ್ನು ಜೋಡಿಸಿ, ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿ ಪುಸ್ತಕ ಮಾಡಿಕೊಳ್ಳಲಿ, ಮೇಲೆ ತನ್ನ ಹೆಸರು ಬರೆಯಲಿ. ದೊಡ್ಡ ಉಡುಗೊರೆ, ದುಡ್ಡು, ಮೊಬೈಲ್ ನಂಬರ್ ಮಕ್ಕಳಿಗೆ ಕೊಡಬೇಡಿ. ಮತ್ತೆ ಬರುತ್ತೇನೆ ಎಂದು ಬಾಯಿತಪ್ಪಿಯೂ ಹೇಳಬೇಡಿ.

ನಂಬರ್ ಕೊಡಬೇಕಾದದ್ದು ಟೀಚರಿಗೆ. ಬಂದ ಮೇಲೆ ಕನಿಷ್ಠ ಮೂರು ತಿಂಗಳು ವಾರಕ್ಕೊಂದು ಫೋನ್ ಮಾಡಿ. ಶನಿವಾರ ಅವರಿಗೆ ರಜೆ, ನಮಗೆ ಬೆಳಗಿನ ಶಾಲೆ. ಮಧ್ಯಾಹ್ನ ಮೂರಕ್ಕೆ ನಾನು ಫೋನ್ ಹಚ್ಚಿದರೆ ಅಲ್ಲಿ ಮೂರೂ ಕಾಲು. ಮೊದಮೊದಲು ಅರ್ಧ ತಾಸು ಮಾತಾಡುತ್ತಿದ್ದೆವು. ಯಾವ ಮಗು ಬರಲಿಲ್ಲ, ಮಣ್ಣು ಯಾಕೆ ಬಿರಿಯುತ್ತದೆ, ಗೋಂದು ಯಾಕೆ ಹುಳಿಯಾಯ್ತು, ಇಂಥವೇ. ಈಗ ತಿಂಗಳಿಗೊಮ್ಮೆಗೆ ಇಳಿದಿದೆ. ಕಳೆದ ಸಲ ಅವರು ಫೋನ್ ಎತ್ತಲಿಲ್ಲ. ಪಕ್ಕದೂರಿನ ಶಾಲೆಯ ಟೀಚರುಗಳಿಗೆ ಗೀಟಿನ ಆಟ ಕಲಿಸಲು ಹೋಗಿದ್ದರಂತೆ.